ಮಂಚದಡಿಯ ಚಿನ್ನದ ಗಣಿ

"ಇನ್ನು ಈ ಮನೆಯಿಂದ ಒಂದು ತುಂಡು ವೈರೂ ಕಸಕ್ಕೆ ಹೋಗಕೂಡದು!" ಎಂದು ಗ್ರಂಥಪಾಲಕರು ಘೋಷಿಸಿ ಎರಡು ವರ್ಷವಾಗಿತ್ತು. ಸತ್ತ ರಿಮೋಟು, ಮೂಕ ರೇಡಿಯೋ, ಬಾಲ ಕಳೆದುಕೊಂಡ ಮೌಸು, ಎಲ್ಲಕ್ಕೂ ಅವರ ಮಂಚದಡಿಯೇ ಮೋಕ್ಷ. ಮನೆಯಲ್ಲಿ ಕೆಟ್ಟದ್ದೆಲ್ಲ ಮೊದಲು ಊಟದ ಮೇಜಿನ ಎಡಮೂಲೆಗೆ ಬರತಕ್ಕದ್ದು, ಅದು ರಾಜಶಾಸನ! ಪುಸ್ತಕ ವಿಂಗಡಿಸಿ ಪಳಗಿದ ಕೈ, ಮೂರು ರಟ್ಟಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿತ್ತು: ಉತ್ತಮ, ಮಧ್ಯಮ, ಕೀಳು. 'ಕೀಳು' ಉಕ್ಕಿ ಬೀರುವಿಗೂ ನುಗ್ಗಿತ್ತು. 'ಉತ್ತಮ'ದಲ್ಲಿ ಜೇಡವೊಂದು ಸಂಸಾರ ಹೂಡಿತ್ತು.

"ರೀ, ಟವೆಲ್ ಎಳೆದ್ರೆ ಚಾರ್ಜರ್ ಉದುರುತ್ತೆ. ಮೊದಲು ಎಸೀರಿ!" ಎಂದಳು ಹೆಂಡತಿ.

"ಎಸೆಯೋದಾ? ಒಂದೊಂದರಲ್ಲೂ ಕೂದಲೆಳೆಯಷ್ಟು ಚಿನ್ನ ಇದೆ ಕಣೇ! ಈಗ ಅದನ್ನ ತೆಗೆಯೋ ಖರ್ಚೇ ಜಾಸ್ತಿ, ಒಪ್ಪಿದೆ. ಆದ್ರೆ ವಿಜ್ಞಾನ ಬೆಳೆಯುತ್ತೆ. ಕೀಳು ದರ್ಜೆ ಅಂತ ಎಸೆಯಬಾರದು, ಇಟ್ಕೊಂಡು ಕಾಯ್ಬೇಕು!"

ಕಾಯಲು ಆಕೆಗೆಲ್ಲಿ ಪುರುಸೊತ್ತು? ಆಕೆಯದು ಕಸೂತಿ ಯಂತ್ರದ ಉದ್ಯೋಗ. ಶಾಲೆಯೊಂದು ಹದ್ದಿನ ಚಿತ್ರದ ಅರವತ್ತು ಬ್ಯಾಡ್ಜು ಕೇಳಿತ್ತು. ಸೋಮವಾರ ಕೊಟ್ಟರೆ ವರ್ಷವಿಡೀ ಕೆಲಸ. ತಪ್ಪಿದರೆ ಪಕ್ಕದ ಬೀದಿಯ ದರ್ಜಿಯ ಪಾಲು. ಶನಿವಾರವೇ ಯಂತ್ರ ಮುನಿಸಿಕೊಳ್ಳಬೇಕೆ! ರಿಪೇರಿಯವನು ಬಂದು, ಅದರ ಹೊಟ್ಟೆಯಿಂದ ಹಸಿರು ಬೋರ್ಡೊಂದನ್ನು ಬಿಚ್ಚಿ, ಪಾಪ, ಮೇಜಿನ ಎಡಮೂಲೆಯಲ್ಲೇ ಇಟ್ಟ.

"ಬರೀ ಧೂಳು ಅಕ್ಕಾ. ಅಂಗಡಿಯಿಂದ ಬ್ರಷ್ ತಂದು ಒರೆಸಿದ್ರೆ ಮುಗೀತು," ಎಂದು ಅವನು ಹೊರಟ. ಆಕೆ ದಾರ ತರಲು ಹೊರಟಳು. ಆಗ ಮನೆಗೆ ಬಂದರು ಗ್ರಂಥಪಾಲಕರು!

ಎಡಮೂಲೆ! ಬೋರ್ಡು! ಅದರ ಅಂಚಿಗೆ ಸಾಲಾಗಿ ಫಳಫಳ ಚಿನ್ನದ ಹಲ್ಲುಗಳು!

"ಅಂತೂ ಇವಳಿಗೆ ಬುದ್ಧಿ ಬಂತು!" ಬೋರ್ಡನ್ನು ಕಣ್ಣಿಗೊತ್ತಿಕೊಂಡರು. ಜೇಡಕ್ಕೆ ಎತ್ತಂಗಡಿ ಆದೇಶ ಹೊರಟಿತು. ಕತ್ತರಿ ಬಂತು. ಕಚಕ್, ಕಚಕ್!

ಹತ್ತೇ ನಿಮಿಷಕ್ಕೆ ಬ್ರಷ್ಷೂ ದಾರವೂ ಒಟ್ಟಿಗೇ ಬಾಗಿಲಿಗೆ ಬಂದವು.

"ಅಣ್ಣಾ, ಇಲ್ಲಿದ್ದ ಬೋರ್ಡು?"

"ಕೊಯ್ಲು ಮುಗೀತು!" ಗ್ರಂಥಪಾಲಕರು ಗಾಜಿನ ಸೀಸೆ ಕುಲುಕಿದರು. "ಇಪ್ಪತ್ನಾಲ್ಕು ಹಲ್ಲು!"

ರಿಪೇರಿಯವನು ಕುರ್ಚಿ ಹುಡುಕಿ ಕುಳಿತ. "ಹೊಸ ಬೋರ್ಡು ಬರೋಕೆ ಹದಿನೈದು ದಿನ ಅಕ್ಕಾ."

"ಹೆದರಬೇಡಿ! ನನ್ನ ಗಣಿಯಲ್ಲಿ ಇಲ್ಲದ್ದೇ ಇಲ್ಲ!" ಮೂರು ಪೆಟ್ಟಿಗೆಯೂ ನೆಲಕ್ಕೆ ಸುರಿಯಿತು. ನಡುಮನೆ ಮುಳುಗಿತು. ರಿಪೇರಿಯವನು ಮೊಣಕಾಲುದ್ದ ರಾಶಿಯಲ್ಲಿ ಅರ್ಧ ಗಂಟೆ ಈಜಿ ಎದ್ದ.

"ಅಣ್ಣಾ, ಇದರಲ್ಲಿ ಬೀದಿಯ ಟೀವಿಗಳನ್ನೆಲ್ಲ ಆಫ್ ಮಾಡಬಹುದು. ಬ್ಯಾಡ್ಜ್ ಹೊಲಿಯೋಕಾಗಲ್ಲ."

ಹೆಂಡತಿ ಕಿರುಚಲಿಲ್ಲ. ಆಕೆ ಒಂದು ಸೂಜಿ, ಒಂದುಂಡೆ ಹೊಂಬಣ್ಣದ ದಾರ ಗಂಡನ ಮುಂದಿಟ್ಟಳು.

"ಚಿನ್ನ ಬೇಕಿತ್ತಲ್ಲ? ತಗೊಳ್ಳಿ. ಕೈಯಲ್ಲೇ ಹೊಲಿಯೋಣ."

ಭಾನುವಾರ ಸಂಜೆಗೆ ಆಕೆಯವು ಐವತ್ನಾಲ್ಕು ಹದ್ದು ಹಾರಲು ಸಿದ್ಧ. ಇವರ ಬೆರಳಲ್ಲಿ ಹನ್ನೆರಡು ತೂತು, ಬಟ್ಟೆಯಲ್ಲಿ ಆರು ಹದ್ದು. ಆರೂ ಮಳೆಗೆ ಸಿಕ್ಕ ಕೋಳಿಗಳಂತಿದ್ದವು.

ಸೋಮವಾರ ಆಕೆ ಶಾಲೆಯಿಂದ ಮರಳುವವರೆಗೂ ಇವರು ಬಾಗಿಲಲ್ಲೇ ನಿಂತಿದ್ದರು.

"ಕೆಲಸ ಉಳೀತಾ?"

"ಉಳೀತು. ಕೋಳಿಗಳನ್ನ ಮಾತ್ರ ವಾಪಸ್ ಕಳಿಸಿದ್ರು," ಎಂದು ಆಕೆ ಆ ಆರನ್ನೂ 'ಕೀಳು' ಪೆಟ್ಟಿಗೆಗೆ ಹಾಕಿದಳು.

"ಎಸೆದುಬಿಡೇ, ನೋಡೋಕಾಗಲ್ಲ."

ಆಕೆ ಗಂಡನನ್ನು ಬೋಳುತಲೆಯಿಂದ ಹರಿದ ಚಪ್ಪಲಿಯವರೆಗೆ ನಿಧಾನವಾಗಿ ನೋಡಿದಳು.

"ಎಸೆಯಲ್ಲ ರೀ. ಕೀಳು ದರ್ಜೆಯದನ್ನ ಇಟ್ಕೊಂಡು ಕಾಯೋದು ನನಗೆ ಇಪ್ಪತ್ತೆರಡು ವರ್ಷದ ಅಭ್ಯಾಸ!"