ಗಿಡ್ಡಪ್ಪನವರ ಹಲ್ಲು: ಶರೀರವೋ, ಸ್ವತ್ತೋ?

ಇಲ್ಲಿ ಬರೆದಿರುವ ಪ್ರತಿಯೊಂದು ಅಕ್ಷರವೂ ಸತ್ಯವೆಂದು ಪ್ರಮಾಣ ಮಾಡುತ್ತೇನೆ. ಅರಸೀಕೆರೆ ಸೀಮೆಯಲ್ಲಿ ನನ್ನಷ್ಟು ಮಹಜರುಗಳಿಗೆ ಸಾಕ್ಷಿ ಹಾಕಿದ ಮನುಷ್ಯ ಇನ್ನೊಬ್ಬನಿಲ್ಲ. ಕೆಲವಕ್ಕೆ ಘಟನೆ ನಡೆಯುವ ಮೊದಲೇ ಸಹಿ ಮಾಡಿ ಕೊಟ್ಟಿದ್ದೇನೆ, ಅಷ್ಟು ನಂಬಿಕಸ್ತ.

1998ನೇ ಇಸವಿಯಲ್ಲಿ, ಗಂಡಸಿಯಿಂದಾಚೆ ಇರುವ ನಮ್ಮೂರ ಠಾಣೆಯಲ್ಲಿ ಎರಡು ಮೇಜುಗಳಿದ್ದವು. ಊರಿನ ಹೆಸರು ಬರೆಯಲು ಅನುಮತಿ ಕೋರಿದ್ದೇನೆ, ಇನ್ನೂ ಬಂದಿಲ್ಲ. ಬಾಗಿಲ ಎಡಕ್ಕೆ 'ಶರೀರದ ವಿರುದ್ಧದ ಅಪರಾಧಗಳು', ಅಲ್ಲಿ ಹೆಡ್ ಕಾನ್‌ಸ್ಟೆಬಲ್ ಭೀಮರಾಜ್. ಬಲಕ್ಕೆ 'ಸ್ವತ್ತಿನ ವಿರುದ್ಧದ ಅಪರಾಧಗಳು', ಅಲ್ಲಿ ರೈಟರ್ ಲತಾಮಣಿ. ಒಬ್ಬರ ಫೈಲನ್ನು ಇನ್ನೊಬ್ಬರು ಮುಟ್ಟತಕ್ಕದ್ದಲ್ಲ ಎಂದು ನಡುವೆ ಸುಣ್ಣದ ಗೆರೆ ಎಳೆಯಲಾಗಿತ್ತು.

ನಮ್ಮೂರ ಕೊಬ್ಬರಿ ಮಂಡಿಯಲ್ಲಿ ಗಿಡ್ಡಪ್ಪ ಅಂತ ಒಬ್ಬ ಹಿರಿಯರು. ಕೊಬ್ಬರಿ ಗಿಟುಕನ್ನು ಕಚ್ಚಿ ನೋಡಿ, ಒಣಗಿದೆಯೋ ಹಸಿಯೋ ಹೇಳುವುದೇ ಅವರ ಕೆಲಸ. ಸ್ವಂತ ಹಲ್ಲೆಲ್ಲ ಆ ಸೇವೆಯಲ್ಲೇ ಸವೆದು, ಹಾಸನದಲ್ಲಿ ಒಂದು ಸೆಟ್ಟು ಕಟ್ಟಿಸಿಕೊಂಡಿದ್ದರು. ಅವರು ಕಚ್ಚದೆ ಒಂದು ಚೀಲವೂ ತಕ್ಕಡಿ ಏರುತ್ತಿರಲಿಲ್ಲ. ಒಂದು ಮಂಗಳವಾರ ಧರ್ಮಪ್ಪ ಎಂಬ ತೋಟದವನ ಕೊಬ್ಬರಿ ಕಚ್ಚಿ, "ಹಸಿ ಐತೆ" ಅಂದರು. ಧರ್ಮಪ್ಪ ಕಪಾಳಕ್ಕೆ ಬಾರಿಸಿದ. ಹಲ್ಲಿನ ಸೆಟ್ಟು ಹಾರಿ ನೆಲಕ್ಕೆ ಬಿತ್ತು.

"ಇನ್ ಅದೆಂಗ್ ಕಚ್ತೀಯೋ ನಾನೂ ನೋಡ್ತೀನಿ!" ಅಂತ ಅದನ್ನು ಜೇಬಿಗಿಳಿಸಿ ನಡೆದೇಬಿಟ್ಟ.

ಗಿಡ್ಡಪ್ಪ ಠಾಣೆಗೆ ಬಂದು ಮೊದಲು ಎಡಕ್ಕೆ ಹೋದರು.

"ಹಲ್ಲು ಉದುರಿಸವ್ನಾ? ಭಾರಿ ಗಾಯ ಕಣಜ್ಜ!" ಎಂದು ಭೀಮರಾಜ್ ಹುರುಪಾದರು. ಅಷ್ಟರಲ್ಲಿ ವೈದ್ಯರ ವರದಿ ಬಂತು: 'ಸದರಿ ಬಾಯಿಯಲ್ಲಿ ಹತ್ತು ವರ್ಷಗಳಿಂದ ಹಲ್ಲುಗಳು ಇರುವುದಿಲ್ಲ. ಗಾಯ: ಕೆನ್ನೆ ಕೆಂಪು.'

ಭೀಮರಾಜ್ ಮುಖ ಸಪ್ಪೆಯಾಯಿತು. "ಬರೀ ಕೆನ್ನೆ. ಹೆಚ್ಚೆಂದ್ರೆ ಒಂದು ವರ್ಷ ಸಜೆ. ಹಲ್ಲಿನ ವಿಷಯ ಗೆರೆಯಿಂದಾಚೆ ಕೇಳು."

ಗೆರೆಯಿಂದಾಚೆ ಲತಾಮಣಿ ಪುಸ್ತಕ ತೆಗೆದು ನೋಡಿದರು. "ಕಳ್ಳತನ. ಮೂರು ವರ್ಷ."

"ಅಂದ್ರೆ ನನ್ ಕೆನ್ನೆಗಿಂತ ಹಲ್ಗೇ ಬೆಲೆ ಜಾಸ್ತಿ ಅನ್ನವ್ವ."

"ಕೆನ್ನೆಗೆ ರಸೀದಿ ಇದೆಯಾ ಅಜ್ಜ? ಹಲ್ಲಿಗಿದೆ."

ಕೂಡಲೇ ಆದೇಶ ಹೊರಟಿತು: 'ಹಲ್ಲು ಬಾಯಿಯಲ್ಲಿರುವವರೆಗೆ ಶರೀರ, ನೆಲ ಮುಟ್ಟಿದ ಕ್ಷಣದಿಂದ ಸ್ವತ್ತು. ಗಾಳಿಯಲ್ಲಿದ್ದ ಅವಧಿಯ ಬಗ್ಗೆ ಮೇಲಧಿಕಾರಿಗಳ ಅಭಿಪ್ರಾಯ ಕೋರಲಾಗಿದೆ.'

ಧರ್ಮಪ್ಪ ಸಿಕ್ಕಿದ. ಹಲ್ಲೂ ಸಿಕ್ಕಿತು. ಮಹಜರಿಗೆ ನಾನು ಸಹಿ ಹಾಕಿದೆ, ಹಲ್ಲಿಗೆ ನಂಬರಿನ ಚೀಟಿಯೂ ಅರಗಿನ ಮೊಹರೂ ಬಿದ್ದವು. ಗಿಡ್ಡಪ್ಪ ಬಾಯಿ ತೆರೆದುಕೊಂಡು ಲತಾಮಣಿಯ ಮುಂದೆ ನಿಂತರು.

"ಹಾಕ್ಕೊಡವ್ವ. ಎಂಟು ದಿನದಿಂದ ಮಂಡಿ ನಿಂತೈತೆ. ಇನ್ನೆರಡು ದಿನ ಬಿಟ್ರೆ ಹಲ್ಲಿರೋ ಬೇರೆಯೋರ್ನ ಇಟ್ಕೊತಾರೆ. ನನ್ ಗತಿ?"

"ಬಾಯಿಗೆ ಹಾಕಿದ್ರೆ ಅದು ಮತ್ತೆ ಶರೀರ ಆಗುತ್ತೆ ಅಜ್ಜ. ನನ್ನ ಕೇಸು ಗೆರೆ ದಾಟಿ ಅವರ ಮೇಜಿಗೆ ಹೋಗುತ್ತೆ."

"ಬರ್ಲಿ ಬರ್ಲಿ," ಎಂದರು ಭೀಮರಾಜ್, ಜಾಗ ಮಾಡುತ್ತಾ.

ಊಟಕ್ಕೇನು ಮಾಡಲಿ ಎಂಬ ಪ್ರಶ್ನೆಗೆ, 'ಮುದ್ದೆ ನುಂಗಲು ಹಲ್ಲಿನ ಅವಶ್ಯಕತೆ ಇರುವುದಿಲ್ಲ' ಎಂದು ಹಿಂಬರಹ ನೀಡಲಾಯಿತು.

ಇಡೀ ಇಲಾಖೆ ತಲೆ ಮೇಲೆ ಕೈಹೊತ್ತು ಕೂತಾಗ ಪರಿಹಾರ ಹೇಳಿದವನು ನಾನು. ಹಲ್ಲಿಗೊಂದು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಲತಾಮಣಿಯ ಮೇಜಿನ ಕಾಲಿಗೆ ಕಟ್ಟುವುದು. ಬಾಯಿ ಗಿಡ್ಡಪ್ಪನವರದ್ದೇ ಆದರೂ ಹಲ್ಲು ಮೇಜಿನ ವಶದಲ್ಲೇ ಇದ್ದಂತಾಯಿತು. ಮೇಲಧಿಕಾರಿಗಳು ಕಾನೂನಿಗೆ ಇಷ್ಟು ಉದ್ದದ ದಾರ ಇದೆಯೆಂದು ತಮಗೇ ಗೊತ್ತಿರಲಿಲ್ಲ ಅಂದರು.

ದಾರ ಮಂಡಿವರೆಗೆ ಎಟುಕದ ಕಾರಣ, ಮಂಡಿಯೇ ಠಾಣೆಗೆ ಬಂತು. ಜಗುಲಿಯ ಮೇಲೆ ಚೀಲಗಳು, ಒಳಗೆ ತಕ್ಕಡಿ. ತುಟಿಯಿಂದ ನಂಬರಿನ ಚೀಟಿ ನೇತಾಡಿಸಿಕೊಂಡು ಗಿಡ್ಡಪ್ಪ ಕಚ್ಚುತ್ತಿದ್ದರು. 'ದೂರು ಕೊಡುವವರು ಕೊಬ್ಬರಿ ಸಾಲು ಮುಗಿದ ಮೇಲೆ ಬರತಕ್ಕದ್ದು' ಎಂಬ ಬೋರ್ಡೂ ಬಿತ್ತು.

ಜಾಮೀನಿನ ಮೇಲಿದ್ದ ಧರ್ಮಪ್ಪ ಸೋಮವಾರ ಸಹಿ ಹಾಕಲು ಬಂದವನು ಅದೇ ಚೀಲ ತಂದಿದ್ದ. ಗಿಡ್ಡಪ್ಪ ಕಚ್ಚಿದರು.

"ಇನ್ನೂ ಹಸಿ ಕಣಪ್ಪ."

ಧರ್ಮಪ್ಪನ ಕೈ ಮೇಲೆದ್ದಿತು. ಎಡಗಡೆ ಭೀಮರಾಜ್ ಆಸೆಯಿಂದ ಪೆನ್ನಿನ ಕ್ಯಾಪು ತೆಗೆದರು. ಬಲಗಡೆ ಲತಾಮಣಿ ದಾರ ಬಿಗಿಹಿಡಿದರು. ಧರ್ಮಪ್ಪ ಎತ್ತಿದ ಕೈಯಿಂದ ತಲೆ ಕೆರೆದುಕೊಂಡು, "ಇನ್ನೊಂದ್ ವಾರ ಒಣಗಿಸ್ಕೊಂಡ್ ಬತ್ತೀನಿ ಗಿಡ್ಡಪ್ಪಣ್ಣ" ಅಂದ. ಮೂವತ್ತು ವರ್ಷದ ಕಸುಬಿನಲ್ಲಿ ಹಸಿ ಅಂದದ್ದಕ್ಕೆ ಯಾರಾದರೂ ಅಣ್ಣ ಅಂದದ್ದು ಅದೇ ಮೊದಲು.

ಎರಡು ವರ್ಷದ ಮೇಲೆ ಹಲ್ಲು ವಾಪಸು ಕೊಡಿ ಎಂದು ನ್ಯಾಯಾಲಯದ ಆದೇಶ ಬಂತು. ಗಿಡ್ಡಪ್ಪ ಅವತ್ತೇ ಅರ್ಜಿ ಹಾಕಿದರು: 'ನನ್ನ ಬಾಯಿ ಸುರಕ್ಷಿತ ಸ್ಥಳವಲ್ಲವಾದ್ದರಿಂದ, ಸದರಿ ಹಲ್ಲುಗಳನ್ನು ಠಾಣೆಯ ವಶದಲ್ಲೇ ಮುಂದುವರಿಸಬೇಕಾಗಿ ಪ್ರಾರ್ಥನೆ.' ಮಂಡಿಯವರೆಲ್ಲ ಸಹಿ ಹಾಕಿದರು. ಧರ್ಮಪ್ಪ 'ಆಕ್ಷೇಪಣೆ ಇಲ್ಲ' ಎಂದು ಬರೆದುಕೊಟ್ಟ. ಮಂಜೂರಾಯಿತು.

ಈಗ ಅವರ ಕೆನ್ನೆಯನ್ನು ಎಡಗಡೆ ಮೇಜು ನೋಡಿಕೊಳ್ಳುತ್ತದೆ, ಹಲ್ಲನ್ನು ಬಲಗಡೆ ಮೇಜು. ಉಳಿದ ಗಿಡ್ಡಪ್ಪನವರು ಸಂಜೆ ಐದಕ್ಕೆ ಮನೆಗೆ ಹೋಗುತ್ತಾರೆ.

ಇಷ್ಟರಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಸೇರಿಸಿದ್ದು, ಒಪ್ಪಿಕೊಳ್ಳುತ್ತೇನೆ. ಧರ್ಮಪ್ಪ ಕೆರೆದುಕೊಂಡದ್ದು ತಲೆಯನ್ನಲ್ಲ, ಬೆನ್ನನ್ನು.