ಮಾವನವರು ಪರದೆಗೆ ಬಂದದ್ದು

"ಕಂಪನಿ ಕಂಪ್ಯೂಟರ್ ತರೂದು ಕೈಲಾಗದವರ ಕೆಲಸ! ನಾ ಜೋಡಸ್ತೇನಿ, ಈ ಕೈಲೆ! ನಮ್ಮ ಪಾಲಿಶ್ ಡ್ರಮ್ಮು ಜೋಡಿಸಿದವರು ಯಾರು? ನಾ! ಇವತ್ತಿಗೂ ಗಡಗಡ ತಿರಗತೈತಿ!"

ಸಾಂಗ್ಲಿಯ ಅರಿಶಿಣ ವ್ಯಾಪಾರಿ ಧನಪಾಲ ಚೌಗುಲೆ ಎದೆ ತಟ್ಟಿ ಹೀಗೆ ಘೋಷಿಸಿದಾಗ, ವಿಶ್ರಾಮಬಾಗದ ಮನೆಯ ಕಿಟಕಿಯಲ್ಲಿ ಕುಳಿತಿದ್ದ ಪಾರಿವಾಳ ಹಾರಿಹೋಯಿತು. ಪೇಟೆಯಲ್ಲಿ ಅವನ ಅರಿಶಿಣದ ಬಣ್ಣಕ್ಕೂ ಅವನ ಮುಖದ ಬಣ್ಣಕ್ಕೂ ಸರಿಸಮ ಹೆಸರು: ಒಂದು ಅಪ್ಪಟ ಹಳದಿ, ಇನ್ನೊಂದು ಅಪ್ಪಟ ಕೆಂಪು.

ಹೆಂಡತಿ ಮಾಣಿಕಬಾಯಿ ಮಾತ್ರ ಕದಲಲಿಲ್ಲ. "ಡ್ರಮ್ಮಿನ್ಯಾಗ ಅರಿಶಿಣ ಹೊಳೆದರ ಸಾಕಿತ್ತು. ಇದರಾಗ ನಮ್ಮಪ್ಪ ಬರಬೇಕು," ಎಂದಳು.

ಹೌದು, ಬರಬೇಕಾದವರು ಬೇಡಗದ ನೇಮಗೊಂಡ ಪಾಟೀಲರು. ಅಂದರೆ ಧನಪಾಲನ ಮಾವ. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರದು ಒಂದೂ ಫೋಟೋ ಇರಲಿಲ್ಲ! ಕ್ಯಾಮೆರಾದ ಎದುರು ನಿಂತರೆ ಆಯುಷ್ಯ ಸವೆಯುತ್ತದೆಂದು ನಂಬಿದ ಮನುಷ್ಯ, ಧೋತರದ ಚುಂಗನ್ನು ಮುಖಕ್ಕೆಳೆದು ಕಂಬದ ಹಿಂದೆ ಸರಿದುಬಿಡುತ್ತಿದ್ದರು. ಮನೆಯಲ್ಲಿದ್ದ ಮದುವೆಯ ಫೋಟೋಗಳಲ್ಲಿ ಕಂಬಗಳೆಲ್ಲ ಚೆನ್ನಾಗಿ ಬಂದಿದ್ದವು.

ಆದರೆ ಧನಪಾಲನ ಮದುವೆಗೆ ಬೇಡಗದಲ್ಲಿ ಮೊದಲ ಬಾರಿಗೆ ವಿಡಿಯೋ ಬಂದಿತ್ತು. ತೆಗೆದವನು ಮಿರಜಿನ ದಾದಾಸಾಬ. "ಇದು ಫೋಟೋದ ಮಶಿನ್ ಅಲ್ರಿ ಪಾಟೀಲರ, ಬರೇ ಲೈಟು," ಎಂದು ಅವರಿಗೆ ಒಂದು ಸುಳ್ಳು ಬಿಟ್ಟಿದ್ದ. ಮದುವೆಯಾದ ಮೇಲೆ ಸಾಂಗ್ಲಿಯಲ್ಲಿ ಬಾಡಿಗೆ ವಿ.ಸಿ.ಆರ್. ತಂದು ಓಣಿಗೆಲ್ಲ ಆ ಕ್ಯಾಸೆಟ್ ತೋರಿಸಿದ್ದೂ ಆಯಿತು. ಆಗ ಮದುಮಗ ಅಂಗಳದಲ್ಲಿ ವಿ.ಸಿ.ಆರ್. ತಡಮಾಡಿ ತಂದವನೊಡನೆ ಜಗಳಕ್ಕೆ ನಿಂತಿದ್ದ; ಮದುಮಗಳು ಒಳಗೆ ಓಣಿಗೆಲ್ಲ ಚಹಾ ಕುದಿಸುತ್ತಿದ್ದಳು. "ಮಾಣಿಕಾ, ನಿಮ್ಮಪ್ಪ ಬಂದ್ರವಾ!" ಎಂದು ಯಾರೋ ಕೂಗಿದಾಗ ಆಕೆ ಚಹಾದ ಗಾಳಣಿ ಹಿಡಿದೇ ಓಡಿಬಂದಳು. "ಹೋದ್ರವಾ," ಎಂದರು.

ಟೇಪನ್ನು ಹಿಂದಕ್ಕೆ ಸುತ್ತುವ ಮೊದಲೇ ಬಾಡಿಗೆಯ ಹೊತ್ತು ಮುಗಿದು ವಿ.ಸಿ.ಆರ್. ವಾಪಸು ಹೋಯಿತು. ಅಂದಿನಿಂದ ಮಾಣಿಕಬಾಯಿಯ ಕನಸಿನಲ್ಲಿ ಅಪ್ಪ ಬಂದರೂ ಕಂಬದ ಹಿಂದಿನಿಂದಲೇ ಬರುತ್ತಿದ್ದರು.

ಕ್ಯಾಸೆಟ್ಟಿಗೆ ಟ್ರಂಕಿನಲ್ಲಿ ಬೂಷ್ಟು ಹಿಡಿಯಿತು. ಈಗ ಮುದುಕನಾಗಿದ್ದ ದಾದಾಸಾಬನೇ ಅದನ್ನು ಒರೆಸಿ, ಉಳಿದಷ್ಟನ್ನು ಸಿಡಿಗೆ ಏರಿಸಿಕೊಟ್ಟ. "ಅರಿಶಿಣ ಹಚ್ಚೂ ತುಂಡು ಒಂದ ಉಳದೈತ್ರಿ. ಪಾಟೀಲರು ಅದರಾಗ ಅದಾರ," ಎಂದ. ಅದೇ ವಾರ ಧನಪಾಲನ ಅತ್ತೆ, ಅಂದರೆ ಪಾಟೀಲರ ಹೆಂಡತಿ ಕಮಲಾಬಾಯಿಗೆ ಮಿರಜಿನಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. "ಹೊಸ ಕಣ್ಣು ಬಂದಾವು. ಮೊದಲ ಅವರನ್ನ ನೋಡ್ತೇನಿ," ಎಂದು ಮುದುಕಿ ರವಿವಾರ ಬರುವುದೆಂದು ಗೊತ್ತುಮಾಡಿದ್ದರು.

"ಸಿಡಿ ನೋಡೂ ಪ್ಲೇಯರ್ ಒಂದ ದಿನ ಬಾಡಿಗಿ ತರ್ರಿ, ಮುಗೀತು," ಎಂದಳು ಮಾಣಿಕಬಾಯಿ.

"ಏನು? ಮಾವನವರನ್ನ ಬಾಡಿಗಿ ಡಬ್ಬ್ಯಾಗ ಕೂಡಸಲಿ? ಚೌಗುಲೆ ಮನಿತನದ ಮರ್ಯಾದಿ ಏನಾದೀತು!"

ಆಗ ಊರೆಂಬ ಊರೇ ಹೊಸದರ ಕನಸಿನಲ್ಲಿತ್ತು. ಸಾಂಗ್ಲಿ ಎಲ್ಲಿ ಮುಗಿದು ಮಿರಜ ಎಲ್ಲಿ ಶುರುವಾಗುತ್ತದೆಂದು ತಿಳಿಯದ ಹಾಗೆ ರಸ್ತೆಯುದ್ದಕ್ಕೂ ಸೈಬರ್ ಕೆಫೆಗಳು, ಕ್ಲಾಸುಗಳು, ಗಾಜಿನ ಅಂಗಡಿಗಳು. ಧನಪಾಲ ಮಿರಜಿನಿಂದ ಬಿಡಿ ಸಾಮಾನು ತಂದು ಹಜಾರದಲ್ಲಿ ಹರವಿದ. ಕಾಲೇಜು ಓದುವ ಮಗಳು ಸ್ವಪ್ನಾಲಿ ಜೋಡಣೆಯ ಪುಸ್ತಕ ಓದಲು ಕುಳಿತಳು. "ಪಪ್ಪಾ, ಥಾಂಬಾ! ಮೊದಲ ಓದೂಣು," ಎಂದು ಮರಾಠಿ ಕನ್ನಡ ಕಲಸಿ ತಡೆದಳು.

"ಓದವ್ರು ಓದ್ಲಿ! ಮೊದಲ ಪೂಜಿ!"

ಅರಿಶಿಣ ತಾಗದ ಯಂತ್ರ ಅವನ ಅಂಗಡಿಯಲ್ಲಿ ಒಂದೂ ತಿರುಗಿದ್ದಿಲ್ಲ. ತಕ್ಕಡಿಗೆ ಅರಿಶಿಣ, ಟೆಂಪೊಗೆ ಅರಿಶಿಣ, ಟೆಲಿಫೋನಿಗೂ ಅರಿಶಿಣ. ತನ್ನದೇ ಒಂದನೇ ನಂಬರಿನ ಮಾಲನ್ನು ನೀರಲ್ಲಿ ಕಲಸಿ, ಯಾರಿಗೂ ಅನ್ಯಾಯವಾಗಬಾರದೆಂದು ಒಳಗಿನ ಹಸಿರು ಹಲಗೆಗೆ, ಫ್ಯಾನಿಗೆ, ಡಬ್ಬಿಗೆ, ಒಂದೊಂದು ತಂತಿಗೂ ಬೊಟ್ಟಿಟ್ಟ. ಮಾನಿಟರಿನ ತಂತಿಗೆ ಮಾತ್ರ ಹಣೆ ಯಾವುದೆಂದು ತಿಳಿಯಲಿಲ್ಲ. ತುದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಬಾಯಿ ಕಂಡಿತು. ಬಾಯಿಗೇ ಇಟ್ಟ.

ಸಂಜೆಗೆ ಕಂಪ್ಯೂಟರ್ ಎದ್ದು ಕುಳಿತಿತು! ನೀಲಿ ಪರದೆಯ ಮೇಲೆ ಆಕಾಶ ಬಂತು, ಮೋಡ ಬಂತು. ಧನಪಾಲನ ಕಣ್ಣಿಗೆ ನೀರೂ ಬಂತು. ಕುರ್ಚಿಯಲ್ಲಿ ಒರಗಿ ಹಾಗೇ ತೂಕಡಿಸಿದ. ಕನಸಿನಲ್ಲಿ ಪರದೆ ಅಗಲವಾಯಿತು, ಅಗಲವಾಗಿ ಸಾಂಗ್ಲಿವಾಡಿಯ ಕಡೆಯ ಅರಿಶಿಣದ ಕಣವಾಯಿತು. ಬಿಸಿಲಿನಲ್ಲಿ ಹಳದಿ ಧೂಳು ಮೆಲ್ಲಗೆ ಏಳುತ್ತಿತ್ತು. ಅದರ ನಡುವೆ ಬಿಳಿ ಧೋತರದ ಒಬ್ಬರು ಬೆನ್ನು ಮಾಡಿಕೊಂಡು ಕೃಷ್ಣೆಯ ಸೇತುವೆಯತ್ತ ನಡೆದಿದ್ದರು. "ಮಾವನವರ, ಒಂದ್ಸಲ ಈ ಕಡೆ ನೋಡ್ರಿ," ಎಂದು ಧನಪಾಲ ಕನಸಿನಲ್ಲಿಯೂ ಗದರಿಸಿಯೇ ಕೇಳಿದ. ಅವರು ತಿರುಗಲಿದ್ದರು...

"ಪಪ್ಪಾ! ಗೇಲಂ!" ಸ್ವಪ್ನಾಲಿ ಚೀರಿದಳು. "ಹೋತು!"

ಪರದೆ ಕಪ್ಪಾಗಿತ್ತು. ಕತ್ತಲೆಯಲ್ಲಿ ಒಂದು ಪುಟ್ಟ ಚೌಕ ಹೊಳೆಯ ದೋಣಿಯ ಹಾಗೆ ಆ ದಡಕ್ಕೂ ಈ ದಡಕ್ಕೂ ತೇಲುತ್ತಿತ್ತು. ಅದರ ಮೇಲೆ ಬರೆದಿತ್ತು: ನೋ ಸಿಗ್ನಲ್.

"ಸಿಗ್ನಲ್ ಇಲ್ಲಂದ್ರ ಅಂಟೆನಾ ಬೇಕು!" ಧನಪಾಲ ಬಿದಿರು ಹಿಡಿದು ಮಾಳಿಗೆ ಏರಿದ. ಹಳೆಯ ಟಿ.ವಿ. ಅಂಟೆನಾ ಕಟ್ಟಿ ಮಿರಜಿನ ಕಡೆ ತಿರುಗಿಸಿ, ಕೆಳಗಿದ್ದ ಮಗಳನ್ನು ಕೂಗಿ ಕೇಳಿದ. "ಬಂತೇನು?" "ಇಲ್ಲಾ!" ಸಾಂಗ್ಲಿಯ ಕಡೆ ತಿರುಗಿಸಿದ. "ಬಂತೇನು?" "ಇಲ್ಲಾ!" ಬಂದದ್ದು ಪಕ್ಕದ ಮನೆಯ ಪಂಢರಿನಾಥ ಕಾಕಾ. ಬಿದಿರು ಜಾರಿ ಅವರ ಕೇಬಲ್ಲಿನ ತಂತಿಯನ್ನು ಹರಿದುಹಾಕಿತ್ತು.

"ಏ ಧನಪಾಲಾ! ನಮ್ಮ ಮ್ಯಾಚು ಹೋತಲ್ಲೋ!"

"ನನ್ನ ಮಾವನಽ ಹೋಗ್ಯಾನ್ರಿ ಕಾಕಾ, ನಿಮ್ಮ ಮ್ಯಾಚಿಂದೇನು!"

ತೀರಿಕೊಂಡವರು ಮತ್ತೆ ಹೋದದ್ದು ಹೇಗೆಂದು ತಿಳಿಯದೆ ಕಾಕಾ ಸಮಾಧಾನ ಹೇಳಿ ಒಳಗೆ ಹೋದರು.

ಮರುದಿನ ಸಂಶಯ ಮಿಕ್ಸರಿನ ಮೇಲೆ ಬಂತು. "ಅದರ ಗದ್ದಲಕ್ಕ ಇದು ಹೆದರತೈತಿ!" ಮಿಕ್ಸರ್ ಬಂದ್. ಆಮೇಲೆ ಫ್ರಿಜ್ ಬಂದ್, ಹಾಲು ಒಡೆಯಿತು. ಆಮೇಲೆ ದೇವರ ಮುಂದಿನ ಸಣ್ಣ ದೀಪದ ಮಾಲೆಯೂ ಬಂದ್. ಮಾಣಿಕಬಾಯಿ ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟುತ್ತ ಕೇಳಿದಳು, "ಇನ್ನ ನಾ ಉಸಿರಾಡೂದೂ ಬಂದ್ ಮಾಡ್ಲೇನ್ರಿ?"

ಕಂಪ್ಯೂಟರಿಗೆ ಬೆನ್ನ ಮೇಲೆ ಒಂದು ಏಟು ಕೊಟ್ಟರೆ ಚಿತ್ರ ಬರುತ್ತಿತ್ತು, ಹೊಗಳಿದರೆ ಹೋಗುತ್ತಿತ್ತು. ಹೋದಾಗಲೆಲ್ಲ ಧನಪಾಲ ತಂತಿ ಕಿತ್ತು, ಉಫ್ ಎಂದು ಊದಿ, ಕಣ್ಣಿಗೊತ್ತಿಕೊಂಡು, ಪೂಜೆಯಲ್ಲೇ ಏನೋ ಕೊರತೆಯಾಗಿದೆಯೆಂದು ಅದರ ಬಾಯಿಗೆ ಇನ್ನಷ್ಟು ಅರಿಶಿಣವಿಟ್ಟು ಸಿಕ್ಕಿಸುತ್ತಿದ್ದ.

ರವಿವಾರ ಬಂತು. ಕಪ್ಪು ಕನ್ನಡಕ ಹಾಕಿಕೊಂಡು, ಹಸಿರು ಇಳಕಲ್ಲ ಸೀರೆ ಉಟ್ಟು ಕಮಲಾಬಾಯಿ ಬಂದರು. ಗಂಡನನ್ನು ನೋಡಲು ಬಂದ ಮುದುಕಿ ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದು ಕುರ್ಚಿಯ ತುದಿಯಲ್ಲಿ ಕುಳಿತರು.

"ಹೊತ್ತು ಮುಳಗೂದರಾಗ ಊಟ ಆಗಬೇಕು, ಕಡೀ ಬಸ್ಸಿಗೆ ಬೇಡಗಕ್ಕ ಹೋಗಬೇಕು. ಅವರನ್ನ ಯಾವಾಗ ತೋರಸ್ತೀರಿ ಅಳಿಯಂದ್ರ?"

"ಈಗ ನೋಡ್ರಿ ಅತ್ತಿಯವರ!"

ಸಿಡಿ ಒಳಗೆ ಹೋಯಿತು. ಚಪ್ಪರ ಕಂಡಿತು, ಮಾವಿನ ತೋರಣ ಕಂಡಿತು. ಮುದುಕಿ ಕನ್ನಡಕ ತೆಗೆದರು. ನೋ ಸಿಗ್ನಲ್!

ಏಟು ಬಿತ್ತು. ಬರಲಿಲ್ಲ. ಎರಡು ಬಿದ್ದವು. ಬರಲಿಲ್ಲ. "ಒಲ್ಲೇ ಅಂತೈತಲ್ಲ ಇದು! ಸುತಗಿ ತಾ ಇಲ್ಲೆ!" ಧನಪಾಲನ ಮುಖ ಕುಂಕುಮವಾಯಿತು.

"ಇರಲಿ ಬಿಡ್ರಿ," ಎಂದರು ಕಮಲಾಬಾಯಿ ಮೆಲ್ಲಗೆ. "ಬದಕಿದ್ದಾಗೂ ಹಿಂಗ. ನಾಕ ಮಂದ್ಯಾಗ ಅವರ ಮಾರಿ ನೋಡಬೇಕಂದ್ರ ಕಂಬ ಅಡ್ಡ." ಅವರು ಕನ್ನಡಕವನ್ನು ಮತ್ತೆ ಹಾಕಿಕೊಳ್ಳತೊಡಗಿದರು.

ಆ ಕನ್ನಡಕ ಕಣ್ಣಿಗೇರುವ ಮೊದಲೇ ಮಾಣಿಕಬಾಯಿ ಎದ್ದಳು. ಗಂಡನನ್ನು ಪಕ್ಕಕ್ಕೆ ಸರಿಸಿ ಸ್ವಿಚ್ ಆರಿಸಿದಳು. ತಂತಿಯ ಸ್ಕ್ರೂ ತಿರುವಿ ಎಳೆದಳು. ಅದರ ಬಾಯನ್ನು ಬೆಳಕಿಗೆ ಹಿಡಿದಳು.

"ಅಯ್ಯಽ, ಇದರ ಹಲ್ಲಿಗೆ ಅರಿಶಿಣ ಮೆತ್ತಿದವರು ಯಾರು?"

ಧನಪಾಲ ತನ್ನ ಬೆರಳುಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

"ಪೂಜಿ... ಮಾಡಿದ್ದೆ."

"ಪೂಜಿ ಅಲ್ಲರಿ ಇದು, ಲೇಪ! ಬ್ಯಾಳಿಗೆ ಇಷ್ಟು ಹಾಕಿದ್ರ ತಾಟ ಒಗೀತಿದ್ರಿ!"

ದೇವರ ಬೆಳ್ಳಿ ಸಾಮಾನು ತಿಕ್ಕುವ ಸಣ್ಣ ಬ್ರಶ್ಶು ಬಂತು. ಸ್ವಪ್ನಾಲಿ ಸ್ಪಿರಿಟ್ಟು ತಂದಳು. ಅತ್ತೆಯ ಕಣ್ಣಿಗೆಂದು ತಂದ ಹತ್ತಿಯಲ್ಲಿ ಒಂದು ಎಳೆ ಕಡ್ಡಿಗೆ ಸುತ್ತಿಕೊಂಡಿತು. ಹತ್ತಿ ಹಳದಿಯಾಯಿತು, ತಂತಿಯ ಹಲ್ಲು ಬಿಳಿಯಾದವು. ಒಣಗಲು ಬಿಟ್ಟು ಸಿಕ್ಕಿಸಿದರು.

ಚಪ್ಪರ ಬಂತು. ತೋರಣ ಬಂತು. ಬಂದದ್ದು ನಿಂತಿತು! ಮಣೆಯ ಮೇಲೆ ತೆಳ್ಳಗಿನ ಮೀಸೆಯ ಧನಪಾಲ ಕುಳಿತಿದ್ದ. ಹೆಂಗಸರು ಅರಿಶಿಣ ಹಚ್ಚುತ್ತಿದ್ದರು. ಯಾರೋ ಕಿವಿಗೆ ಹಚ್ಚಿ ಓಡಿದರು. ಮದುಮಗ ಕೆರಳಿ ಎದ್ದ, ಬಟ್ಟಲೆತ್ತಿದ, ಎಸೆದ. ಪರದೆ ಪೂರ್ತಿ ಹಳದಿಯಾಯಿತು. ಬರೀ ಹಳದಿ. ಬೇರೇನೂ ಇಲ್ಲ.

"ಹೋತು! ಮತ್ತ ಹೋತು!" ಧನಪಾಲ ತಂತಿಗೆ ಹಾರಿದ.

"ಕೂಡ್ರಿ ಅಳಿಯಂದ್ರ," ಎಂದರು ಕಮಲಾಬಾಯಿ. "ಡಬ್ಬಿ ಛಲೋ ಐತಿ. ಆವತ್ತ ನೀವು ಒಗದದ್ದು ಇದು. ಲೈಟಿನವನ ಮಾರಿಗೆ ಬಿತ್ತು."

ಹಳದಿಯೊಳಗೆ ಬಿಸಿಲು ತುಂಬಿತ್ತು. ಕನಸಿನ ಕಣದ ಹಾಗೆ ಅದು ಮೆಲ್ಲಗೆ ಮಿನುಗುತ್ತಿತ್ತು. ಅದರ ನಡುವೆ ಒಂದು ಬಿಳಿ ಚುಂಗು ಆಡಿತು. ಬಟ್ಟೆ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಒರೆಸಿದಷ್ಟು ಜಾಗದಲ್ಲಿ ಮೊದಲು ಒಂದು ಕಿವಿ ಕಂಡಿತು, ಆಮೇಲೆ ನರೆತ ಹುಬ್ಬು, ಆಮೇಲೆ ಪರದೆಯ ತುಂಬ, ಇಷ್ಟು ಹತ್ತಿರ, ಒಂದು ಮುಖ! ಕ್ಯಾಮೆರಾ ಎಂದು ಗೊತ್ತೇ ಇಲ್ಲದೆ, ಪಾಪ ಲೈಟು ಕೊಳೆಯಾಯಿತಲ್ಲ ಎಂದು ನೇಮಗೊಂಡ ಪಾಟೀಲರು ತಮ್ಮ ಧೋತರದಿಂದಲೇ ಗಾಜು ಒರೆಸುತ್ತಿದ್ದರು.

ಕಮಲಾಬಾಯಿ ಹೊಸ ಕಣ್ಣು ಮಿಟುಕಿಸಲಿಲ್ಲ. ಮಾಣಿಕಬಾಯಿ ಹಳದಿ ಹತ್ತಿ ಹಿಡಿದ ಕೈಯನ್ನು ಬಾಯಿಗೊತ್ತಿಕೊಂಡಳು.

"ನೋಡಿದ್ರ್ಯಾ?" ಧನಪಾಲ ಎದೆಯುಬ್ಬಿಸಿದ. "ನಾ ಅವತ್ತ ಅರಿಶಿಣ ಒಗೀದ ಇದ್ದಿದ್ರ ಮಾವನವರು ಇಷ್ಟು ಹತ್ತರ ಬರ್ತಿದ್ರೇನು?"

ಆಗ ಪರದೆಯಲ್ಲಿ ಮಾವನವರ ತುಟಿ ಆಡಿತು. ಇಷ್ಟು ವರ್ಷದ ಮೇಲೆ ಸ್ಪೀಕರಿನಿಂದ ಆ ದನಿ ಕರಕರ ಎನ್ನುತ್ತ ಹೊರಬಂತು:

"ಎಂಥಾ ಅಳಿಯನ್ನ ತಂದ್ನೋ ಯಪ್ಪಾ! ಕಂಡ ಕಂಡದ್ದಕ್ಕೆಲ್ಲಾ ಅರಿಶಿಣ ಬಳೀತಾನ. ನಮ್ಮ ಮಾಣಿಕಾ ಇನ್ನ ಜನ್ಮ ಪೂರ್ತಿ ಒರಸೂದ ಆತು!"