ಬೆಳಕಿನ ಬಾವಿಯ ಬ್ಯಾಂಡು

ನೇವಿಯೊ ಸುಪೆರಿನಾನ ಬಚ್ಚಲು ಕಿಟಕಿಯ ಕೊಂಡಿ ಮುರಿದು ವರ್ಷವಾಗಿತ್ತು. ಊರಿನವರ ಫ್ರಿಜ್ಜು, ಒಲೆ, ವಾಷಿಂಗ್ ಮೆಷೀನುಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಈ ಮನುಷ್ಯನಿಗೆ ತನ್ನ ಮನೆಯ ಕೊಂಡಿಗೊಂದು ಮೊಳೆ ಹೊಡೆಯಲು ಪುರುಸೊತ್ತಿರಲಿಲ್ಲ. ಕೊಂಡಿ ಸರಿಯಿದ್ದರೆ ಕಿಟಕಿ ಮುಚ್ಚಿರುತ್ತಿತ್ತು. ಕಿಟಕಿ ಮುಚ್ಚಿದ್ದರೆ ಬುಧವಾರ ಎಂದಿಲ್ಲದೆ ರಾತ್ರಿ ಒಂಬತ್ತರ ಮೇಲೆ ಗಡ್ಡ ಬೋಳಿಸಿಕೊಳ್ಳುತ್ತಿದ್ದವನ ಕಿವಿಗೆ ಆ ಹಾಡು ಬೀಳುತ್ತಿರಲಿಲ್ಲ. ಮರುದಿನ ಅರ್ಧ ರಿಯೆಕಾ ಪಟ್ಟಣ ಬಂದು ಅವನ ಬಚ್ಚಲಲ್ಲಿ ಕೂರುತ್ತಲೂ ಇರಲಿಲ್ಲ.

ಅವನಿರುವ ಹಳೆಯ ಕಟ್ಟಡದ ನಟ್ಟನಡುವೆ ತಳದಿಂದ ಸೂರಿನವರೆಗೆ ಬಾವಿಯಂಥ ಒಂದು ತೆರವಿದೆ. ಎಲ್ಲ ಮನೆಗಳ ಬಚ್ಚಲು ಕಿಟಕಿಗಳೂ ಅದರೊಳಕ್ಕೇ ತೆರೆಯುತ್ತವೆ. ಬೆಳಕು ಬರಲಿ ಎಂದು ಕಟ್ಟಿದವರು ಬಿಟ್ಟಿದ್ದು; ನಾವೂ ಅದನ್ನು ಬೆಳಕಿನ ಬಾವಿ ಎಂದೇ ಕರೆಯುತ್ತೇವೆ. ಅದರಲ್ಲಿ ಬರುವುದು ಮಾತ್ರ ಮೇಲಿನವರ ಜಗಳ ಮತ್ತು ಕೆಳಗಿನವರು ಹುರಿದ ಮೀನಿನ ವಾಸನೆ.

ಆ ರಾತ್ರಿ ಅದರಲ್ಲಿ ಹಾಡು ಇಳಿದು ಬಂತು. ಮೊದಲು ಒಂದು ತಾಳ, ನಿಧಾನದ್ದು. ಬೀಳಬೇಕಾದ ಪೆಟ್ಟು ಬೀಳದೆ ಒಂದು ಕ್ಷಣ ಉಸಿರು ಹಿಡಿದು, ತಡವಾಗಿ, ನಾಚಿಕೊಂಡಂತೆ ಬೀಳುತ್ತಿತ್ತು. ಅದರಡಿಯಲ್ಲಿ ಎಳೆದೆಳೆದು ನುಡಿಸಿದಂಥ ಒಂದೇ ಸ್ವರ. ಮೇಲೆ ಹೆಣ್ಣಿನ ದನಿ; ಪದಗಳಿಲ್ಲ, ಬರೀ ಗುನುಗು. ನಾಲ್ಕು ಅಂತಸ್ತಿನ ತೇವದ ಗೋಡೆಗಳಿಗೆ ತಾಗಿ ತಾಗಿ ಇಳಿಯುವಷ್ಟರಲ್ಲಿ ಅದು ಈ ಲೋಕದ್ದೇ ಅಲ್ಲ ಎನಿಸುವಂತಾಗಿತ್ತು. ಕೊನೆಯಲ್ಲಿ ಲಯ ಏರಿತು, ಏರುತ್ತಲೇ ಹೋಯಿತು, ಥಟ್ಟನೆ ನಿಂತಿತು. ಅರ್ಧ ಗಡ್ಡದಲ್ಲಿ ಸೋಪು ಹಾಗೇ ಒಣಗುತ್ತಿದ್ದರೂ ನೇವಿಯೊ ಫೋನನ್ನು ಕಿಟಕಿಯಿಂದ ಆಚೆ ಚಾಚಿ ಎಲ್ಲವನ್ನೂ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

ನೀರು ಬರಲು ಇನ್ನೊಂದು ಕಾರಣವೂ ಇತ್ತೆನ್ನಿ. ಊರ ಹಳೆಯ ಹಗ್ಗದ ಕಾರ್ಖಾನೆಯಲ್ಲಿ ಮಿರ್ತಾ ಎಂಬವಳು ಸಂಗೀತದ ಕ್ಲಬ್ಬು ನಡೆಸುತ್ತಾಳೆ. ಅಲ್ಲಿ ಪ್ರತಿ ಶನಿವಾರ ‘ಹೊಸ ಗಂಟೆ’ ಎಂಬ ಕಾರ್ಯಕ್ರಮ. ಯಾರೂ ಕೇಳಿರದ ಬ್ಯಾಂಡುಗಳ ಹಾಡನ್ನು ಹುಡುಕಿ ತಂದು ಕೇಳಿಸಬೇಕು. ಸಭೆಯಲ್ಲಿ ಒಬ್ಬನೇ ಒಬ್ಬ ಕೈಯೆತ್ತಿ “ಕೇಳಿದ್ದೀನಿ” ಎಂದರೂ ಮುಗಿಯಿತು, ಹಾಡನ್ನು ಅಲ್ಲೇ ನಿಲ್ಲಿಸಬೇಕು. ಈ ಗಂಟೆ ಬಹಳ ಕಾಲದಿಂದ ನೇವಿಯೊನದು. ಹೆಂಡತಿಯಿಲ್ಲದ, ಮಕ್ಕಳಿಲ್ಲದ ಅವನಿಗೆ ವಾರದಲ್ಲಿ ಬದುಕಿದ್ದೇನೆ ಅನಿಸುತ್ತಿದ್ದದ್ದು ಆ ಒಂದು ಗಂಟೆ. ಆದರೆ ಈಚೆಗೆ ವೆದ್ರಾನ್ ಎಂಬ ಕಿರಿಯವನೊಬ್ಬ ಮುಂದಿನ ಸಾಲಲ್ಲಿ ಕೂತು ಪ್ರತಿ ಹಾಡಿಗೂ ಕೈಯೆತ್ತತೊಡಗಿದ್ದ. ಇನ್ನೊಂದು ಸಲ ಹೀಗಾದರೆ ಗಂಟೆ ವೆದ್ರಾನನಿಗೆ ಎಂದು ಮಿರ್ತಾ ಹೇಳಿಬಿಟ್ಟಿದ್ದಳು.

ಗುರುವಾರ ಬೆಳಿಗ್ಗೆ ಬಂದರಿನ ಕಾಫಿ ಅಂಗಡಿಯಲ್ಲಿ ಮಿರ್ತಾ, ವೆದ್ರಾನ್ ಇಬ್ಬರೂ ಸಿಕ್ಕರು. ದಕ್ಷಿಣದ ಗಾಳಿ ಬೀಸುತ್ತಿತ್ತು. ಆ ಗಾಳಿ ಬೀಸಿದರೆ ನಮ್ಮೂರಲ್ಲಿ ಎಲ್ಲರಿಗೂ ತಲೆನೋವು, ಯಾರಿಗೂ ಕೆಲಸ ಬೇಡ. ನೇವಿಯೊ ಹಾಡು ಹಾಕಿ ಫೋನನ್ನು ಮೇಜಿನ ಮೇಲಿಟ್ಟ. ಹಾಡು ಮುಗಿಯಿತು. ಮಿರ್ತಾಳ ಕಾಫಿ ತಣ್ಣಗಾಗಿತ್ತು.

“ಯಾರಿದು?” ಎಂದಳು ಅವಳು, ಮೆಲ್ಲಗೆ.

ನೇವಿಯೊ ವೆದ್ರಾನನ ಕೈಯನ್ನೇ ನೋಡುತ್ತಿದ್ದ. ಕೈ ಮೇಜಿನ ಮೇಲೆ ಸ್ವಲ್ಪ ಅಲುಗಿತು, ಆದರೆ ಏಳಲಿಲ್ಲ.

“ಹೆಸರು ನಾಲಿಗೆ ತುದೀಲಿದೆ,” ಎಂದ ವೆದ್ರಾನ್. “ಆ ಕೊನೇಲಿ ಲಯ ಏರೋದು ಇದ್ಯಲ್ಲ, ಅದು ಉತ್ತರದವರ ಶೈಲಿ. ಡ್ರಮ್ ಬಾರಿಸೋನು ತುಂಬಾ ಓದ್ಕೊಂಡಿರೋನು.”

“ಹಾಗಾದ್ರೆ ಹೇಳಪ್ಪ ಹೆಸರು,” ಎಂದಳು ಮಿರ್ತಾ.

“ಬಂದ ತಕ್ಷಣ ಹೇಳ್ತೀನಿ.”

“ನಮ್ಮ ಕಟ್ಟಡದವರೇ,” ಎಂದ ನೇವಿಯೊ. “ರಾತ್ರಿ ಒಂಬತ್ತಕ್ಕೆ ಅಭ್ಯಾಸ ಮಾಡ್ತಾರೆ.” ಇದರಲ್ಲಿ ಮೊದಲ ಮಾತು ಊಹೆ, ಎರಡನೆಯದು ಆಸೆ.

ಮಿರ್ತಾ ಎದ್ದು ಕೋಟು ತೊಟ್ಟಳು. “ಹಾಗಾದ್ರೆ ಇವತ್ತು ಒಂಬತ್ತಕ್ಕೆ ನಿನ್ನ ಮನೇಲಿ ಇರ್ತೀವಿ. ಕಿವಿಯಾರೆ ಕೇಳ್ತೀನಿ. ಬ್ಯಾಂಡ್ ಇದ್ರೆ ಗಂಟೆ ನಿಂದೇ, ನೀನು ಸಾಯೋವರ್ಗೂ. ಇಲ್ದಿದ್ರೆ ವೆದ್ರಾನಂದು.”

ಮಧ್ಯಾಹ್ನದೊಳಗೆ ಹಾಡು ಊರೆಲ್ಲ ಸುತ್ತಿತು. ಫೋನಿಂದ ಫೋನಿಗೆ ದಾಟುತ್ತ ಅದಕ್ಕೊಂದು ಹೆಸರೂ ಹುಟ್ಟಿಕೊಂಡಿತು: ‘ಬೆಳಕಿನ ಬಾವಿ’. ಆ ಗಾಯಕಿಯ ಜೊತೆ ಶಾಲೆಯಲ್ಲಿ ಓದಿದ್ದೆ ಎನ್ನುವವರು ಇಬ್ಬರು ಸಿಕ್ಕರು. ಇಷ್ಟೆಲ್ಲ ಆದರೂ ಬ್ಯಾಂಡಿನವರು ಯಾರೆಂದು ನೇವಿಯೊನಿಗೆ ಗೊತ್ತಿರಲಿಲ್ಲ.

ಹುಡುಕಾಟವನ್ನು ನೆಲಮಾಳಿಗೆಯಿಂದ ಶುರುಮಾಡಿದ. ಕೆಳಮನೆಯ ಬ್ರೂನೊ ನಿವೃತ್ತ ಹಡಗಿನವನು, ಕಟ್ಟಡದ ಮುಖಂಡ. ಬೀಗದ ಕೈಗಳೆಲ್ಲ ಅವನ ಸೊಂಟದಲ್ಲಿ.

“ಹಾಡೋರಾ? ನಮ್ಮಲ್ಲಾ?” ಬ್ರೂನೊ ಹುಬ್ಬು ಗಂಟಿಕ್ಕಿದ. “ಅನುಮತಿ ಕೇಳಿಲ್ವಲ್ಲ. ನಡಿ, ಯುದ್ಧದ ಕಾಲದಲ್ಲಿ ಬಾಂಬಿಗೆ ಹೆದರಿ ಅಡಗ್ತಿದ್ದ ನೆಲಮಾಳಿಗೆ ನೋಡೋಣ. ಕದ್ದು ಬಾರಿಸೋದಾದ್ರೆ ಅಲ್ಲೇ.”

ಕಬ್ಬಿಣದ ಬಾಗಿಲು ನರಳುತ್ತ ತೆರೆಯಿತು. ಒಳಗೆ ಉಪ್ಪಿನಕಾಯಿ ಹಾಕಿದ ಮೆಣಸಿನಕಾಯಿಯ ಜಾಡಿಗಳು, ವೈನಿನ ಬುಂಡೆಗಳು, ಮತ್ತು ನಡುವೆ ಬ್ರೂನೊ ಕೈಯಾರೆ ಕಟ್ಟಿದ್ದ ದೋಣಿ. ದೋಣಿ ಬಾಗಿಲಿಗಿಂತ ಅಗಲವಾಗಿತ್ತು. ಅದರ ಬಗ್ಗೆ ಯಾರೂ ಮಾತೆತ್ತಬಾರದೆಂಬುದು ಕಟ್ಟಡದ ಅಲಿಖಿತ ನಿಯಮ. ನೇವಿಯೊ ಜಾಡಿಗಳನ್ನೇ ನೋಡುತ್ತ ನಿಂತ.

“ಗಿಜೆಲಾನ ಕೇಳು,” ಎಂದ ಬ್ರೂನೊ, ದೋಣಿಯ ಮೇಲಿನ ಧೂಳು ಒರೆಸುತ್ತ. “ಅವಳಿಗೆ ಗೊತ್ತಿಲ್ದೆ ಈ ಕಟ್ಟಡದಲ್ಲಿ ಇಲಿ ಕೂಡ ಮರಿ ಹಾಕಲ್ಲ.”

ಆ ಹೆಸರೇ ನೇವಿಯೊನಿಗೆ ಬೇಡವಾಗಿತ್ತು. ಮೇಲಂತಸ್ತಿನ ಗಿಜೆಲಾಳನ್ನು ಎಲ್ಲರೂ ತೆತಾ ಎಂದೇ ಕರೆಯುವುದು. ಇಡೀ ಕಟ್ಟಡಕ್ಕೆ ಅವಳು ಅತ್ತೆ. ತನ್ನ ಬಟ್ಟೆ ಒಗೆಯುವ ಮೆಷೀನು ನೋಡು ಬಾ ಎಂದು ಅವಳು ಎರಡು ವರ್ಷದಿಂದ ಕರೆಯುತ್ತಿದ್ದಳು. ಇವನು ಎರಡು ವರ್ಷದಿಂದ “ನಾಳೆ, ತೆತಾ” ಎನ್ನುತ್ತಿದ್ದ. ಬೇಕಾದ ಬೇರಿಂಗು ಕೂಡ ಚೀಲದಲ್ಲೇ ಇತ್ತು. ಮನಸ್ಸು ಮಾತ್ರ ಇರಲಿಲ್ಲ. ಅವಳು ಮೆಟ್ಟಿಲಲ್ಲಿ ಕಂಡರೆ ಇವನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಕ್ಕೆ ಓಡುವುದಿತ್ತು.

ಈಗ ತಾನಾಗಿಯೇ ಹೋಗಿ ಬಾಗಿಲು ತಟ್ಟಿದ.

“ನಾಳೆ ಬಂತೇನಪ್ಪ?” ಎಂದಳು ಗಿಜೆಲಾ.

“ತೆತಾ, ನಮ್ಮ ಕಟ್ಟಡದಲ್ಲಿ ಹಾಡೋರು ಯಾರು? ಈ ಫೋನಲ್ಲಿ ಸ್ವಲ್ಪ ಕೇಳಿ...”

“ಫೋನು ಆಮೇಲೆ. ಮೊದ್ಲು ಮೆಷೀನು.”

ಬೇರೆ ದಾರಿಯಿರಲಿಲ್ಲ. ನೇವಿಯೊ ಮೆಷೀನನ್ನು ಗೋಡೆಯಿಂದ ಎಳೆದು ಬಿಚ್ಚಿದ. ಬೇರಿಂಗು ಸವೆದು ಪುಡಿಯಾಗುವ ಹಂತದಲ್ಲಿತ್ತು, ಒಂದು ಕಾಲು ಗಿಡ್ಡವಾಗಿತ್ತು, ಒಳಗಿನ ಸ್ಪ್ರಿಂಗು ಕಳಚಿಕೊಂಡಿತ್ತು. ಕೈ ಕೆಲಸ ಮಾಡುತ್ತಿತ್ತು, ತಲೆಯಲ್ಲಿ ಹಾಡು ತೇಲುತ್ತಿತ್ತು. ಕಿಟಕಿಯಾಚೆ ಸಮುದ್ರ ಬೂದಿ ಬಣ್ಣಕ್ಕೆ ತಿರುಗಿ, ಹಡಗುಗಳ ದೀಪ ಒಂದೊಂದಾಗಿ ಹತ್ತಿದವು. ಶನಿವಾರ ಕ್ಲಬ್ಬಿನಲ್ಲಿ ದೀಪ ಆರಿಸಿ, ಆ ತಡವಾಗಿ ಬೀಳುವ ಪೆಟ್ಟನ್ನು ಇನ್ನೂರು ಜನ ಒಟ್ಟಿಗೆ ಉಸಿರು ಹಿಡಿದು ಕಾಯುವುದನ್ನು ಅವನು ಮನಸ್ಸಿನಲ್ಲೇ ಕಂಡ. ಬ್ಯಾಂಡಿನವರು ಅವನ ಹೆಗಲ ಮೇಲೆ ಕೈಹಾಕಿದರು, ವೆದ್ರಾನ್ ಕೊನೆಯ ಸಾಲಿಗೆ ಹೋಗಿ ಕೂತ. ಆ ಸಂತೋಷದಲ್ಲಿ ಅವನು ಜನ್ಮದಲ್ಲಿ ಮಾಡಿರದಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ.

“ಒಂದ್ಸಲ ಹಾಕಿ ನೋಡೋಣ,” ಎಂದು ಗುಂಡಿಗೆ ಕೈ ಚಾಚಿದ.

ಗಿಜೆಲಾ ಅವನ ಕೈಮೇಲೆ ಪಟ್ಟೆಂದು ಹೊಡೆದಳು. “ಹುಚ್ಚೇನೋ? ಇನ್ನೂ ದುಬಾರಿ ಕರೆಂಟು. ಒಂಬತ್ತಾಗ್ಲಿ.”

ಚಳಿಗಾಲದಲ್ಲಿ ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ ಕರೆಂಟಿನ ದರ ಅರ್ಧಕ್ಕಿಳಿಯುತ್ತದೆ. ಅದಕ್ಕೆ ಮುಂಚೆ ಮೆಷೀನು ಮುಟ್ಟುವ ಹೆಂಗಸು ಈ ಊರಲ್ಲಿ ಹುಟ್ಟಿಲ್ಲ.

“ಹಾಕೋದೇ ಬೇಡ ಬಿಡಿ,” ಎಂದ ನೇವಿಯೊ ಠೀವಿಯಿಂದ. “ಇನ್ನು ಹತ್ತು ವರ್ಷ ಇದು ಉಸಿರೆತ್ತಿದ್ರೆ ನನ್ನ ಹೆಸರು ಬದಲಾಯಿಸಿ. ಈಗ ಇದನ್ನ ಕೇಳಿ.”

ಗಿಜೆಲಾ ಫೋನನ್ನು ತಲೆಕೆಳಗಾಗಿ ಕಿವಿಗಿಟ್ಟುಕೊಂಡು “ಹಲೋ” ಎಂದಳು. ಸ್ವಲ್ಪ ಹೊತ್ತು ಕೇಳಿ ವಾಪಸು ಕೊಟ್ಟಳು. “ಯಾರೋ ಪಾಪ, ಮಾತಾಡ್ತಿಲ್ಲ, ಬರೀ ನರಳ್ತಾರೆ. ಡಾಕ್ಟರಿಗೆ ತೋರ್ಸು.”

ನೇವಿಯೊ ಹಳೆಯ ಬೇರಿಂಗನ್ನು ಜೇಬಿಗೆ ಹಾಕಿಕೊಂಡು, ದೇವರ ಮೇಲೆ ಭಾರ ಹಾಕಿ ಮನೆಗೆ ಇಳಿದ.

ಒಂಬತ್ತಕ್ಕೆ ಮುಂಚೆಯೇ ಬಚ್ಚಲು ತುಂಬಿತು. ಮಿರ್ತಾ ಕಮೋಡಿನ ಮುಚ್ಚಳದ ಮೇಲೆ ಕೂತಳು. ವೆದ್ರಾನ್ ಖಾಲಿ ತೊಟ್ಟಿಯೊಳಗೆ ನಿಂತ. ಬ್ರೂನೊ ಗಿಡಮೂಲಿಕೆಯ ಬ್ರಾಂದಿ ಹಿಡಿದು ಬಂದ. ಕ್ಲಬ್ಬಿನವರು ನಡುಮನೆಯಿಂದ ಮೆಟ್ಟಿಲವರೆಗೆ ಸಾಲುಗಟ್ಟಿದರು. ನೇವಿಯೊ ದೀಪ ಆರಿಸಿ ಕಿಟಕಿ ತೆರೆದ. ಬಾವಿಯೊಳಗೆ ಮಂಜು ಇಳಿಯುತ್ತಿತ್ತು. ಮೇಲಿನ ಕಿಟಕಿಗಳ ಹಳದಿ ಬೆಳಕು ಅದರಲ್ಲಿ ಕರಗಿ, ನೀರಿನಡಿಯಿಂದ ಆಕಾಶ ನೋಡಿದಂತೆ ಕಾಣುತ್ತಿತ್ತು. ಇಷ್ಟು ಜನ ತನ್ನ ಜೊತೆ ಒಟ್ಟಿಗೆ ಒಂದು ಹಾಡಿಗಾಗಿ ಕಾದದ್ದನ್ನು ನೇವಿಯೊ ಹಿಂದೆಂದೂ ಕಂಡಿರಲಿಲ್ಲ.

ಒಂಬತ್ತಾಯಿತು. ಮೇಲೆಲ್ಲೋ ಒಂದು ಗುಂಡಿ ಟಿಕ್ಕೆಂದಿತು. ಆಮೇಲೆ ಮೆತ್ತಗಿನ ಒಂದು ಗುರುಗುರು, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ. ತಾಳವಿಲ್ಲ, ದನಿಯಿಲ್ಲ.

ಕಾದರು. ಗುರುಗುರು ಅಷ್ಟೇ.

ಕತ್ತಲೆಯಲ್ಲಿ, ತೊಟ್ಟಿಯೊಳಗಿಂದ, ವೆದ್ರಾನನ ಕೈ ಮೇಲೆದ್ದಿತು. “ಇದನ್ನ ಕೇಳಿದ್ದೀನಿ,” ಎಂದ. “ನಮ್ಮನೇಲೂ ಇಂಥದೇ ಮೆಷೀನಿದೆ.”

ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ಗಿಜೆಲಾಳ ತಲೆ ಆಚೆ ಬಂತು.

“ನೇವಿಯೊ, ನಿನ್ನ ಕೈ ಚಿನ್ನ ಕಣೋ. ಸದ್ದೇ ಇಲ್ಲ. ಎರಡು ವರ್ಷ ಅದು ದಡ್ ದಡ್ ಅಂತ ನಡುಗಿ, ಕೀರ್ ಅಂತ ಎಳೆದು ನನ್ನ ಜೀವ ತಿಂತು. ಅದು ಕೇಳಿಸ್ದಿರ್ಲಿ ಅಂತ ದಿನಾ ಪಕ್ಕದಲ್ಲಿ ಕೂತು ಬಾಯಿಗೆ ಬಂದಿದ್ದು ಗುನುಗ್ತಿದ್ದೆ. ಇವತ್ತು ನೋಡು, ಸುಮ್ನೆ ಕೂತಿದ್ದೀನಿ, ರಾಣಿ ಥರ.”

ಮೊದಲು ಅರ್ಥವಾದದ್ದು ಮಿರ್ತಾಳಿಗೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

“ತೆತಾ,” ಎಂದ ನೇವಿಯೊ ಕಿಟಕಿಯಿಂದ ತಲೆ ಹೊರಹಾಕಿ, “ಈಗ ಸ್ವಲ್ಪ ಹಾಡ್ತೀರಾ? ಒಂದೇ ಒಂದ್ಸಲ.”

ಗಿಜೆಲಾ ಪ್ರಯತ್ನಪಟ್ಟಳು. ಎರಡು ಸ್ವರ ಎಳೆದು ನಿಲ್ಲಿಸಿದಳು. “ಬರ್ತಿಲ್ಲ ಕಣೋ. ಅದು ಬಡೀತಿದ್ರೆ ಬರ್ತಿತ್ತು.”

“ಅಂದ್ರೆ,” ಎಂದ ವೆದ್ರಾನ್ ತೊಟ್ಟಿಯಿಂದ ಇಳಿಯುತ್ತ, “ಡ್ರಮ್ ಬಾರಿಸೋನನ್ನ ನೀನೇ ಕೈಯಾರೆ ಮುಗಿಸಿದ್ದೀಯ.”

ಮಿರ್ತಾ ಹೋಗುವಾಗ ನೇವಿಯೊನ ಕೆನ್ನೆ ಸವರಿದಳು. ಕೊಟ್ಟ ಮಾತು ಮಾತ್ರ ಬದಲಾಯಿಸಲಿಲ್ಲ. ಶನಿವಾರದ ಗಂಟೆ ವೆದ್ರಾನನದಾಯಿತು.

ಎಲ್ಲರೂ ಇಳಿದು ಹೋದ ಮೇಲೆ ನೇವಿಯೊ ಚೀಲ ಹಿಡಿದು ಮೇಲೆ ಓಡಿದ. “ತೆತಾ, ಒಂದು ಸಣ್ಣ ಕೆಲಸ ಉಳಿದಿದೆ. ಹಳೇ ಬೇರಿಂಗೇ ವಾಸಿ ಅನ್ಸುತ್ತೆ.”

ಗಿಜೆಲಾ ಸರಪಳಿ ಬಿಚ್ಚದೆ ಸಂದಿಯಿಂದ ನೋಡಿದಳು. “ಹತ್ತು ವರ್ಷ ಅಂದಿದ್ದೀಯ. ಹತ್ತು ವರ್ಷ ಆದ್ಮೇಲೆ ಬಾ.” ಬಾಗಿಲು ಮುಚ್ಚಿತು.

ನೇವಿಯೊ ಮೆಟ್ಟಿಲ ಮೇಲೆ ಕೂತ. ಜೇಬಿನಿಂದ ಹಳೆಯ ಬೇರಿಂಗು ತೆಗೆದು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದ. ಕೀರ್ ಎಂದಿತು, ಒಂದು ಕ್ಷಣ ಉಸಿರು ಹಿಡಿಯಿತು, ತಡವಾಗಿ ಟಕ್ಕೆಂದಿತು. ಅವನು ಇನ್ನೊಮ್ಮೆ ತಿರುಗಿಸಿದ.

ಕೆಳಗಿನಿಂದ ಬ್ರೂನೊ ಬೀಗದ ಕೈ ಝಣಗುಡಿಸುತ್ತ ಹತ್ತಿ ಬಂದ. “ಗಿಜೆಲಾಗೆ ಮಾಡಿಕೊಟ್ಟಿದ್ದೀಯ, ನಮಗೇನು ಕಡಿಮೆ? ನಾಳೆ ನಮ್ಮ ಮೆಷೀನು ನೋಡು. ಅದೂ ಸದ್ದು ಮಾಡುತ್ತೆ.”

ನೇವಿಯೊ ತಲೆಯೆತ್ತಿದ. “ಎಂಥ ಸದ್ದು?”

“ಕೇಳೋಕಾಗಲ್ಲ. ನನ್ನ ಹೆಂಡತಿ ಬಾಯಿ ಮಾಡಿದ್ರೂ ಅದೇ ಗೆಲ್ಲುತ್ತೆ.”

ನೇವಿಯೊ ಬೇರಿಂಗನ್ನು ಜೇಬಿಗೆ ಹಾಕಿದ. “ಅತ್ತಿಗೆ ಏನಾದ್ರೂ ಹಾಡ್ತಾರಾ?” ಎಂದು ಕೇಳಿದ.